ತವರಿನ ಪೈಪು

ಮರಿಗೌಡನದೊಡ್ಡಿಯ ಸಿದ್ದಮ್ಮ ಬೆಳಗಾಗೆದ್ದು ಆಡುವ ಮೊದಲ ಮಾತು ‘ಥೂ’. ದೇವರ ಹೆಸರು ಆಮೇಲೆ. ಚಾಪೆಯ ಮೇಲೆ ಕೂತು ಒಂದು ಸಲ ಮೂಗು ಮೇಲೆತ್ತಿದಳೆಂದರೆ ಅಕ್ಕಪಕ್ಕದ ಮನೆಗಳ ಸಮಾಚಾರವೆಲ್ಲ ಅವಳಿಗೆ ತಿಳಿದುಹೋಗುತ್ತಿತ್ತು. ಯಾರ ಮನೆಯ ಸಾರು ಹಳಸಿದೆ, ಯಾರು ಕರಿದ ಎಣ್ಣೆಯಲ್ಲೇ ಮತ್ತೆ ಕರಿಯುತ್ತಿದ್ದಾರೆ, ಯಾವ ಗಂಡಸು ರಾತ್ರಿ ಕುಡಿದು ಬಂದು ಕಾಲು ತೊಳೆಯದೆ ಮಲಗಿದ್ದಾನೆ, ಎಲ್ಲವೂ. ದೇವರು ನಮಗೆಲ್ಲ ಮೂಗು ಕೊಟ್ಟಿದ್ದು ಉಸಿರಾಡಲಿಕ್ಕೆ, ಸಿದ್ದಮ್ಮನಿಗೆ ಕೊಟ್ಟಿದ್ದು ಅಸಹ್ಯಪಡಲಿಕ್ಕೆ ಎಂದು ಊರಿನವರು ಆಡಿಕೊಳ್ಳುತ್ತಿದ್ದರು. ಹಾಗೆ ಆಡಿಕೊಳ್ಳುವವರ ಬಾಯಿಯ ಹೊಗೆಸೊಪ್ಪಿನ ನಾತವೂ ಅವಳಿಗೆ ಗೊತ್ತಾಗುತ್ತಿತ್ತು. ಗೊತ್ತಾದದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಹೆಂಗಸು ಅವಳಲ್ಲ.

ಆದರೆ ಆ ಮೂಗಿಗೆ ಒಂದು ಕೆಲಸವೂ ಇತ್ತು, ಅದನ್ನು ಹೇಳದಿದ್ದರೆ ತಪ್ಪಾದೀತು. ಅವಳದು ರೇಷ್ಮೆ ಹುಳು ಸಾಕುವ ಮನೆ. ರೇಷ್ಮೆ ಹುಳುವಿಗೆ ಸೊಳ್ಳೆಬತ್ತಿಯ ಹೊಗೆ ಆಗದು, ಬೀಡಿ ಹೊಗೆ ಆಗದು, ಮೆಣಸಿನಕಾಯಿ ಒಗ್ಗರಣೆಯ ಘಾಟು ಆಗದು. ಪಕ್ಕದ ತೋಟದಲ್ಲಿ ಯಾರಾದರೂ ಔಷಧಿ ಹೊಡೆದು ಅದರ ಗಾಳಿ ಸೊಪ್ಪಿಗೆ ತಾಕಿತೆಂದರೆ ಮುಗಿದೇಹೋಯಿತು. ಅದಕ್ಕೇ ಸಿದ್ದಮ್ಮ ತನ್ನ ಮನೆಯಲ್ಲಿ ಪೊಲೀಸ್ ಸ್ಟೇಷನ್ನಿನಂಥ ಆಡಳಿತ ನಡೆಸಿದ್ದಳು. ಗಂಡ ರಾಮಲಿಂಗಯ್ಯ ಬೀಡಿ ಸೇದಬೇಕಾದರೆ ಊರಾಚೆಯ ಹುಣಸೆಮರದ ಕೆಳಗೆ ಹೋಗಬೇಕು, ವಾಪಸು ಬಂದವನು ಬಾಯಿ ಮುಕ್ಕಳಿಸಿ, ಕೈಕಾಲು ತೊಳೆದು, ಅಂಗಿ ಬದಲಿಸಿ ಒಳಗೆ ಕಾಲಿಡಬೇಕು. ಚನ್ನಪಟ್ಟಣದ ಕಡೆಯಿಂದ ಬಂದ ಸೊಸೆ ಭಾನುಪ್ರಿಯಳ ಪೌಡರ್ ಡಬ್ಬ, ಮದುವೆಯಾದ ವಾರಕ್ಕೇ ಅಟ್ಟ ಸೇರಿತ್ತು.

"ಹೂವ ಮುಡ್ಕೊಬೇಕು ಅನ್ನಿಸಿದ್ರೆ ದ್ಯಾವ್ರ ಪಟಕ್ಕೆ ಮುಡಿಸವ್ವ," ಎಂದು ಅತ್ತೆ ಮೊದಲ ದಿನವೇ ಹೇಳಿದ್ದಳು. "ಹುಳಿನ್ ಮುಂದೆ ನಿಂತ್ಕಳಾಗ ಮೈಯಾಗೆ ಯಾವ ವಾಸ್ನೇನೂ ಇರ್‌ಕೂಡ್ದು."

ಭಾನುಪ್ರಿಯ ತಲೆ ಆಡಿಸಿದ್ದಳು. ಮಾತು ಕಡಿಮೆಯ ಹುಡುಗಿ, ಆದರೆ ಯಾವ ಮಾತನ್ನೂ ಮರೆಯುವವಳಲ್ಲ.

ಈ ಕಾಟಕ್ಕೆಲ್ಲ ಫಲ ಸಿಗದೆ ಇರಲಿಲ್ಲ. ಊರಿನಲ್ಲಿ ಒಬ್ಬರಿಗಲ್ಲ ಒಬ್ಬರಿಗೆ ಹುಳು ಕೈಕೊಡುತ್ತಿದ್ದವು. ಸಿದ್ದಮ್ಮನ ಮನೆಯಲ್ಲಿ ಮಾತ್ರ ಬೆಳೆ ತಪ್ಪುತ್ತಿರಲಿಲ್ಲ. ರಾಮನಗರದ ಮಾರ್ಕೆಟ್ಟಿನಲ್ಲಿ ಅವಳ ಗೂಡು ಬಂದಿದೆ ಎಂದರೆ ನೂಲು ತೆಗೆಯುವವರು ಒಂದೊಂದು ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಮುಖ ಅರಳಿಸುತ್ತಿದ್ದರು. ಹಾಗಾಗಿ ಮನೆಯಲ್ಲಿ ಒಂದು ವಸ್ತು ಇರಬೇಕೋ ಹೊರಗೆ ಹೋಗಬೇಕೋ ಎಂಬುದನ್ನು ಸಿದ್ದಮ್ಮನ ಮೂಗು ತೀರ್ಮಾನಿಸುತ್ತಿತ್ತು, ಅದರ ಮೇಲೆ ಅಪೀಲು ಇರಲಿಲ್ಲ.

ಒಂದಕ್ಕೆ ಮಾತ್ರ ಆ ಮೂಗು ರಿಯಾಯಿತಿ ಕೊಡುತ್ತಿತ್ತು. ಅವಳ ತವರು ದೊಡ್ಡಆಲಹಳ್ಳಿ. ಮದುವೆಯಾದ ಹೊಸತರಲ್ಲಿ ತವರಿನಿಂದ ಒಂದು ಮೂಟೆ ರಾಗಿ ಬಂದಾಗ ಅವಳ ಅತ್ತೆ ದೊಡ್ಡಲಕ್ಷ್ಮಮ್ಮ ಮೂಟೆ ಬಿಚ್ಚಿ, ಒಂದು ಹಿಡಿ ಎತ್ತಿ ಮೂಸಿ, ಕೇರಿಯವರಿಗೆಲ್ಲ ಕೇಳಿಸುವ ಹಾಗೆ "ಮುಗ್ಗುಲು ರಾಗಿ ಕಳ್ಸವ್ರೆ, ಕೋಳಿಗಾಕಿ" ಎಂದಿದ್ದಳು. ರಾಗಿ ನಿಜವಾಗಿಯೂ ಮುಗ್ಗಿತ್ತು. ಆದರೂ ಆವತ್ತು ಸಿದ್ದಮ್ಮ ಅದೇ ರಾಗಿಯನ್ನು ಬೀಸಿ, ಮುದ್ದೆ ಮಾಡಿ, ತಾನೊಬ್ಬಳೇ ಕೂತು ಉಂಡಳು. ಆ ದಿನದಿಂದ ತವರಿನಿಂದ ಬಂದ ಯಾವುದಕ್ಕೂ ಅವಳ ಬಾಯಲ್ಲಿ ‘ಥೂ’ ಬರಲಿಲ್ಲ. ತಮ್ಮ ದೇವರಾಜು ತರುವ ಕೊಬ್ಬರಿ ಕಮಟಿದರೂ ಘಮಘಮ, ಬಾಳೆಹಣ್ಣು ಕೊಳೆತರೂ ಜೇನು. ಸೊಸೆಯ ತವರಿನಿಂದ ಕಜ್ಜಾಯ ಬಂದರೆ ಮಾತ್ರ "ಎಣ್ಣೆ ಒಸಿ ಕಮಟಾಗೈತೆ" ಎಂದು ಅವಳೂ ಹೇಳದೆ ಬಿಡುತ್ತಿರಲಿಲ್ಲ. ಅತ್ತೆಯಿಂದ ಕಲಿತದ್ದನ್ನು ಸೊಸೆಗೆ ದಾಟಿಸದಿದ್ದರೆ ಆ ವಿದ್ಯೆ ಏನಾಗಬೇಕು ಹೇಳಿ.

ಮಗ ಲೋಕೇಶ್ ಹಾರೋಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಮೆಷಿನ್ ರಿಪೇರಿ ಕೆಲಸಕ್ಕಿದ್ದ. ಮನೆಗೆ ಅಂಟಿಕೊಂಡಂತೆ ಹಳೆಯ ಗಾಡಿ ಕೊಟ್ಟಿಗೆ ಒಂದಿತ್ತು. ಎತ್ತೂ ಇಲ್ಲ, ಗಾಡಿಯೂ ಇಲ್ಲ. ಅಲ್ಲಿ ಅವನೊಂದು ಹಳೆಯ ಜೀಪು ತಂದು ನಿಲ್ಲಿಸಿ, ರಜೆ ಬಂದಾಗಲೆಲ್ಲ ಬಿಚ್ಚುವುದು ಕಟ್ಟುವುದು ಮಾಡುತ್ತಿದ್ದ. ಒಂದು ದಿನ ಗುಜರಿಗೆ ಹೊರಟಿದ್ದ ಒಂದು ಕಂಪ್ರೆಸರ್ ತಂದು ಕೊಟ್ಟಿಗೆಯ ಮೂಲೆಯಲ್ಲಿ ಕೂರಿಸಿದ. ಗಾಳಿ ತುಂಬುವ ಆ ದೊಡ್ಡ ಡೋಲಿನ ಸುತ್ತ ಸಿದ್ದಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಪ್ರದಕ್ಷಿಣೆ ಹಾಕಿದಳು.

"ಥೂ, ಎಣ್ಣೆ ನಾತ. ಇದ್ನೇನ್ಲಾ ಮನೇಗ್ ತಂದಿದ್ದೀಯ? ನಿನ್ ಜೀಪೊಂದೇ ಸಾಲ್ದಾಗಿತ್ತಾ?"

"ಗಾಳಿ ಕಣವ್ವ, ಬರೀ ಗಾಳಿ. ಟೈರಿಗೆ, ಪೇಂಟಿಂಗಿಗೆ, ಧೂಳು ಹೊಡ್ಯಾಕೆ."

"ಹುಳಿನ್ ಮನೆ ಕಡೆ ಅದ್ರ ಉಸ್ರು ಬಂದ್ರೆ ನಿನ್ನೂ ಅದ್ನೂ ಒಟ್ಗೆ ಆಚೆ ಹಾಕ್ತೀನಿ."

ಅಂದವಳೇ ಮನಸ್ಸು ಬದಲಿಸಿದ್ದಕ್ಕೆ ಮಳೆ ಕಾರಣ. ಆ ಸಲ ಮುಂಗಾರು ಬಿಡದೆ ಹಿಡಿಯಿತು. ಹುಳುಗಳು ಮೂರನೇ ಜ್ವರ ಎದ್ದಿದ್ದವು. ಹುಳು ಮೇವು ಬಿಟ್ಟು, ತಲೆ ಎತ್ತಿ ಅಲ್ಲಾಡದೆ ಕೂತು ಚರ್ಮ ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಎದ್ದ ಮೇಲೆ ಅವುಗಳ ಹಸಿವು ಹೇಳತೀರದು. ಆದರೆ ಒದ್ದೆ ಸೊಪ್ಪು ಹಾಕುವಂತಿಲ್ಲ, ಹಾಕಿದರೆ ಸಪ್ಪೆ ರೋಗ ಬಂದು ಹುಳು ಮೆತ್ತಗಾಗಿ ಕೊಳೆಯುತ್ತವೆ. ಸೊಪ್ಪಿನ ಕೋಣೆಯಲ್ಲಿ ಹಿಪ್ಪುನೇರಳೆ ಸೊಪ್ಪು ಹರಡಿ, ಫ್ಯಾನು ಹಾಕಿ, ಬಟ್ಟೆಯಿಂದ ಒರೆಸಿ ಅತ್ತೆ ಸೊಸೆಯರ ಬೆರಳು ಸುಕ್ಕುಗಟ್ಟಿದ್ದವು. ಆ ಹೊತ್ತಿಗೆ ಲೋಕೇಶ್ ತೊಳೆದ ಜೀಪಿನ ಸೀಟಿಗೆ ಗಾಳಿ ಬಿಟ್ಟ. ಸುಯ್ಯೆಂದು ಒಂದು ಸಲ ಬಿಟ್ಟದ್ದಕ್ಕೆ ನೀರೆಲ್ಲ ಹಾರಿ ಸೀಟು ಒಣಗಿ ನಿಂತಿತು. ಸೊಪ್ಪಿನ ಹೊರೆ ಹೊತ್ತು ಅಂಗಳದಲ್ಲಿ ಬರುತ್ತಿದ್ದ ಸಿದ್ದಮ್ಮ ಅಲ್ಲೇ ನಿಂತಳು.

"ಲೋ, ಇದ್ನ ಸೊಪ್ಪಿಗೆ ಬುಟ್ರೆ?"

ಲೋಕೇಶ್‌ಗೆ ಅಷ್ಟೇ ಬೇಕಾಗಿತ್ತು. ಕೊಟ್ಟಿಗೆಯ ಗೋಡೆಗುಂಟ ಪೈಪು ಎಳೆದು, ಜೀಪಿನ ಹತ್ತಿರ ಒಂದು, ಬಂದವರ ಟೈರಿಗೆಂದು ಬೀದಿಗೊಂದು, ಸೊಪ್ಪಿನ ಕೋಣೆಗೊಂದು ನಲ್ಲಿ ಕೊಡುವುದೆಂದು ತೀರ್ಮಾನವಾಯಿತು. ಯಾವ ಪೈಪು ಎನ್ನುವಲ್ಲಿಗೆ ಮನೆಯಲ್ಲಿ ಜಗಳ ಎದ್ದಿತು. ರಾಮಲಿಂಗಯ್ಯನಿಗೆ ಅದರಲ್ಲಿ ಜಗಳವಾಡುವಂಥದ್ದು ಏನಿದೆ ಎಂದೇ ತಿಳಿಯಲಿಲ್ಲ. ಬೋರ್‌ವೆಲ್ಲಿಗೆ ತಂದು ಉಳಿದ ಬಿಳಿ ಪೈಪು ಹಿತ್ತಲಲ್ಲಿ ಬಿದ್ದಿರಲಿಲ್ಲವೆ?

"ಅದು ಆಗಕ್ಕಿಲ್ಲ ಅಪ್ಪ," ಎಂದ ಲೋಕೇಶ್. "ನೀರಿನ ಪೈಪು ಒಡುದ್ರೆ ನೀರು ಸೋರ್ತದೆ, ಅಷ್ಟೆ. ಗಾಳಿ ತುಂಬಿರೋ ಪೈಪು ಒಡುದ್ರೆ ಬಾಂಬು. ಪ್ಲಾಸ್ಟಿಕ್ಕು ಚೂರುಚೂರಾಗಿ ಚಾಕು ಥರ ಹಾರ್ತದೆ. ಬಿಸ್ಲಿಗೆ, ಎಣ್ಣೆಗೆ ಅದು ಒಳಗೊಳಗೇ ಸಾಯ್ತಾ ಇರ್ತದೆ, ಮೇಲ್ ನೋಡಿದ್ರೆ ಗೊತ್ತಾಗಕ್ಕಿಲ್ಲ."

"ಅದ್ನ ಅಂಟ್ಸೋ ಗೋಂದಿನ್ ನಾತಕ್ಕೇ ಹುಳ ಸತ್ತೋಯ್ತವೆ," ಎಂದು ಸಿದ್ದಮ್ಮ ಆ ಪೈಪಿನ ಕಥೆ ಮುಗಿಸಿದಳು.

ತಾಯಿ ಮಗ ಕನಕಪುರದಲ್ಲಿ ನಿಯಾಜನ ಅಂಗಡಿಗೆ ಹೋದರು. ಪೈಪು, ನಲ್ಲಿ, ಮೋಟಾರು ಮಾರುವ ನಿಯಾಜ್ ಗಿರಾಕಿಗಳನ್ನು ಬಹಳ ಕಂಡವನು. ಆದರೆ ಪೈಪಿನ ಬಾಯಿಗೆ ಮೂಗಿಟ್ಟು ಆರಿಸುವ ಗಿರಾಕಿಯನ್ನು ಕಂಡಿರಲಿಲ್ಲ. ಮೊದಲು ಕಬ್ಬಿಣದ ಪೈಪು ತೋರಿಸಿದ. ಸಿದ್ದಮ್ಮ ಬಗ್ಗಿ ಮೂಸಿ ತಟ್ಟನೆ ಮುಖ ತಿರುಗಿಸಿದಳು.

"ಥೂ. ಇಲಿ ಸತ್ತಂಗೈತೆ."

"ಅಮ್ಮ, ಇದು ಪೈಪು, ಮಾವಿನ್ ಹಣ್ಣಲ್ಲ," ಎಂದ ನಿಯಾಜ್. "ತುದಿಗೆ ಥ್ರೆಡ್ ಕೊರೆಯೋವಾಗ ಎಣ್ಣೆ ಹಾಕಿರ್ತಾರೆ, ಅದರ ವಾಸ್ನೆ."

ಲೋಕೇಶ್‌ಗೂ ಕಬ್ಬಿಣ ಬೇಡವಾಗಿತ್ತು. ಗಾಳಿಯನ್ನು ಒತ್ತಿ ತುಂಬಿದಾಗ ಅದರಲ್ಲಿರುವ ತೇವ ನೀರಾಗಿ ಪೈಪಿನಲ್ಲಿ ಇಳಿಯುತ್ತದೆ. ಕಬ್ಬಿಣವಾದರೆ ಒಳಗೇ ತುಕ್ಕು ಹಿಡಿದು, ಕೆಮ್ಮಣ್ಣಿನ ಬಣ್ಣದ ನೀರು ಸೊಪ್ಪಿನ ಮೇಲೆ ಉಗಿಯುತ್ತದೆ. ರಬ್ಬರ್ ಪೈಪನ್ನು ಸಿದ್ದಮ್ಮ ಹತ್ತಿರಕ್ಕೇ ಬರಗೊಡಲಿಲ್ಲ, ಸುಟ್ಟ ಟೈರು ಎಂದಳು. ತಾಮ್ರ ಅವಳ ಮೂಗಿಗೆ ಒಪ್ಪಿತು, ಆದರೆ ಅದನ್ನು ಬೆಸೆಯುವ ಗ್ಯಾಸಿನ ಬೆಂಕಿ ಹುಳುಮನೆಯ ಗೋಡೆಗೆ ತಾಗಿಸುವುದು ಒಪ್ಪಲಿಲ್ಲ. ಕೊನೆಗೆ ನಿಯಾಜ್ ಒಳಗಿನಿಂದ ಒಂದು ತುಂಡು ತಂದ. ಒಳಗೂ ಹೊರಗೂ ಪ್ಲಾಸ್ಟಿಕ್ಕು, ನಡುವೆ ಅಲ್ಯೂಮಿನಿಯಂ ಹಾಳೆ. ಒಡೆಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ, ಗೋಂದು ಬೇಡ, ಬೆಂಕಿ ಬೇಡ, ಸ್ಪ್ಯಾನರಿನಲ್ಲಿ ಬಿಗಿದರೆ ಆಯಿತು. ಗಾಳಿಗೆಂದೇ ಮಾಡಿದ್ದು. ಸಿದ್ದಮ್ಮ ಆ ತುದಿ ಈ ತುದಿ ಎರಡೂ ಮೂಸಿ, ಏನೂ ಸಿಗದೆ, ಕಾಳು ಆರಿಸಲು ಕೂತು ಹುಳು ಹಿಡಿದದ್ದೊಂದೂ ಸಿಗದ ಹೆಂಗಸಿನಂತೆ ಬೇಜಾರಾಗಿ, "ಇದಾಯ್ತದೆ," ಎಂದಳು.

"ಸ್ಟಾಕ್ ಇಲ್ಲ ಲೋಕಣ್ಣ. ಬೆಂಗಳೂರಿಂದ ತರಿಸ್ಬೇಕು, ಮುಂದಿನ್ ವಾರ ಬರುತ್ತೆ," ಎಂದ ನಿಯಾಜ್.

ಹುಳುಗಳಿಗೆ ಮುಂದಿನ ವಾರ ಗೊತ್ತಿಲ್ಲ. ಅವು ನಾಲ್ಕನೇ ಜ್ವರವೂ ಎದ್ದು, ಮಳೆ ಬಂದಂತೆ ಸದ್ದು ಮಾಡುತ್ತ ಸೊಪ್ಪು ಮೇಯತೊಡಗಿದವು. ಗೂಡು ಕಟ್ಟುವ ಮುಂಚಿನ ಕೊನೆಯ ಮೇವು ಇದು. ಹಾಕಿದ್ದು ಹಾಕಿದ ಹಾಗೇ ಖಾಲಿ. ಹೊರಗೆ ಮಳೆ ನಿಲ್ಲಲಿಲ್ಲ. ಒರೆಸಿದಷ್ಟೂ ಒದ್ದೆ. ಅಷ್ಟರಲ್ಲಿ ದೊಡ್ಡಆಲಹಳ್ಳಿಯಿಂದ ತಮ್ಮ ದೇವರಾಜು ಫೋನು ಮಾಡಿದ, ಅಕ್ಕ ಮಾತಿನ ಮಧ್ಯೆ ಪೈಪಿನ ಪಾಡು ಹೇಳಿಕೊಂಡಳು. ಮಾರನೆಯ ಬೆಳಗ್ಗೆ ಅವನು ಗೂಡ್ಸ್ ಆಟೋದಲ್ಲಿ ಒಂದು ದೊಡ್ಡ ಕರಿ ಪೈಪಿನ ಸುರುಳಿ ಹಾಕಿಕೊಂಡು ಅಂಗಳಕ್ಕೆ ಬಂದಿಳಿದ.

"ಅಕ್ಕ ಪೈಪಿಲ್ದೆ ಒದ್ದಾಡ್ತಾವ್ಳೆ, ನಾನು ನೋಡ್ಕಂಡಿರಕಾಯ್ತದ? ಹೊಸದೇ ಕಣ್ಲಾ ಅಳಿಯ. ತೋಟ್ದಲ್ಲಿ ಒಂದಷ್ಟು ದಿನ ನೀರು ಬುಟ್ಟಿದ್ದೆ, ಅಷ್ಟೆ."

ಲೋಕೇಶ್ ಪೈಪನ್ನು ಬಗ್ಗಿಸಿ, ಹಿಚುಕಿ, ಮೇಲೆ ಅಚ್ಚಾದದ್ದನ್ನು ಓದಿ ನೋಡಿದ. ಗಟ್ಟಿ ಪೈಪು, ಬಿಳಿ ಪೈಪಿನ ಹಾಗೆ ಒಡೆದು ಹಾರುವ ಜಾತಿಯದಲ್ಲ, ಅವನ ಕಂಪ್ರೆಸರಿನ ಒತ್ತಡ ತಡೆಯುತ್ತಿತ್ತು. ಒಂದು ವಾರದ ಮಟ್ಟಿಗೆ ಮೋಸವಿಲ್ಲ ಎಂದ. ಭಾನುಪ್ರಿಯ ಸುರುಳಿಯ ತುದಿ ಹಿಡಿದು ಮೂಸಿದಳು.

"ಅತ್ತೆ, ಏನೋ ಔಷಧಿ ವಾಸ್ನೆ ಬಂದಂಗಾಯ್ತದೆ. ನೀವೊಂದ್ಸಲ ನೋಡಿ."

ಎಲ್ಲರೂ ಸಿದ್ದಮ್ಮನ ಕಡೆ ನೋಡಿದರು. ಅವಳು ಬಗ್ಗಿ ಪೈಪಿನ ಬಾಯಿಗೆ ಮೂಗು ಹಿಡಿದಳು. ಮೊದಲು ಮಣ್ಣು, ಪಾಚಿ. ಅದರ ಹಿಂದೆಯೇ, ಗಂಟಲಿಗೆ ಅಂಟುವಂಥ, ಸಿಹಿ ಬೆರೆತ ಎಣ್ಣೆಯ ಒಂದು ಹೇಸಿಗೆ ನಾತ. ಟೊಮೆಟೊ ತೋಟದಲ್ಲಿ ಔಷಧಿ ಹೊಡೆದ ಮಾರನೆಯ ದಿನ ಬರುವ ನಾತ. ನಾಲಗೆಯ ತುದಿಗೆ ‘ಥೂ’ ಬಂದು ನಿಂತಿತು. ಎದುರಿಗೆ ತಮ್ಮ, ಮಳೆಯಲ್ಲಿ ನೆನೆದು, ಅಕ್ಕನಿಗೆ ಉಪಕಾರ ಮಾಡಿದ ಸಂತೋಷಕ್ಕೆ ಹಲ್ಲು ಬಿಟ್ಟು ನಿಂತಿದ್ದ. ಪಕ್ಕದಲ್ಲಿ ಸೊಸೆ, ಕಜ್ಜಾಯದ ಎಣ್ಣೆ ಕಮಟು ಎನ್ನಿಸಿಕೊಂಡ ತವರಿನವಳು, ಅತ್ತೆಯ ಬಾಯನ್ನೇ ನೋಡುತ್ತಿದ್ದಳು.

"ನಮ್ಮ ತವರ್ ಮನೆಯಿಂದ ಬಂದಿದ್ದು ಅಂದ್ರೆ ನಿಂಗ್ಯಾಕವ್ವ ವಾಸ್ನೆ?" ಎಂದಳು ಸಿದ್ದಮ್ಮ. "ಮಣ್ಣಿನ್ ವಾಸ್ನೆ ಅದು. ಕಟ್ಲಾ ಲೋಕ."

ತವರಿನ ಮಾನ ಕಾಯುವ ಇಂಥವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕಣ್ಣಿಗೆ ಕಾಣುವ ಕೊಳೆಗೆ ನೂರು ಸಲ ಉಗಿಯುವವರು ಇವರು, ತಮ್ಮ ಮನೆಯ ಕೊಳೆಗೆ ಬಂದರೆ ಅರಿಶಿನ ಕುಂಕುಮ ಹಚ್ಚುತ್ತಾರೆ. ಸಿದ್ದಮ್ಮ ಹಚ್ಚಿಯೂ ಹಚ್ಚಿದಳು. ತವರಿನ ಉಡುಗೊರೆ ಎಂದು ಪೈಪಿನ ತುದಿಗೆ ಅರಿಶಿನದ ಬೊಟ್ಟಿಟ್ಟಳು. ಆಮೇಲೆ ಯಾರೂ ಇಲ್ಲದ ಹೊತ್ತು ನೋಡಿ ಸೀಗೆಪುಡಿ ಕಲಸಿದ ನೀರು ತುಂಬಿಸಿ, ಈ ತುದಿ ಎತ್ತಿ ಆ ತುದಿ ಎತ್ತಿ ಅಷ್ಟೂ ಉದ್ದ ಪೈಪನ್ನು ತೊಳೆದಳು. ಏನೂ ವಾಸನೆ ಇಲ್ಲದ ಪೈಪನ್ನು ಕದ್ದು ತೊಳೆಯುವವರು ಯಾರೂ ಇಲ್ಲ. ಮತ್ತೆ ಮೂಸಿದಳು. ಸೀಗೆಯ ವಾಸನೆಯ ಹಿಂದೆ ಅದು ಇನ್ನೂ ಇತ್ತು, ಒಸಿ ಕಡಿಮೆಯಾಗಿತ್ತು. ಹೋಗುತ್ತದೆ ಬಿಡು ಎಂದುಕೊಂಡಳು.

ಲೋಕೇಶ್ ತನ್ನ ಪಾಲಿನ ಕೆಲಸವನ್ನು ಚೊಕ್ಕವಾಗಿ ಮಾಡಿದ. ನೀರು ಹರಿದು ಕೆಳಗೆ ಬರಲೆಂದು ಪೈಪಿಗೆ ಇಳಿಜಾರು ಕೊಟ್ಟ. ಎಣ್ಣೆ ತೇವ ಎರಡನ್ನೂ ಹಿಡಿಯುವ ಫಿಲ್ಟರನ್ನು ಕಂಪ್ರೆಸರಿನ ಬಾಯಿಗೇ ಕೂರಿಸಿದ. ಕೊಳೆ ಬರುವುದು ಕಂಪ್ರೆಸರಿನಿಂದ, ಪೈಪಿನಿಂದಲ್ಲ ಎಂಬುದು ಅವನ ಲೆಕ್ಕ. ಪೈಪಿಗೆ ಅವ್ವನ ಮೂಗಿನ ಅಪ್ಪಣೆ ಸಿಕ್ಕಿತ್ತಲ್ಲ.

ಆ ಸಂಜೆ ಸೊಪ್ಪಿನ ಕೋಣೆಯಲ್ಲಿ ಗಾಳಿ ಸುಯ್ಯೆಂದಿತು. ಹೊರೆ ಹೊರೆ ಸೊಪ್ಪು ನೋಡುನೋಡುತ್ತ ಒಣಗಿತು. ರಾಮಲಿಂಗಯ್ಯ ಬಾಗಿಲಲ್ಲಿ ನಿಂತು "ಭಲೇ" ಎಂದ. ಭಾನುಪ್ರಿಯ ಸೊಪ್ಪು ಹಾಕಿದಳು, ಹುಳುಗಳು ಮುಗಿಬಿದ್ದು ತಿಂದವು.

ಬೆಳಗ್ಗೆ ಹುಳುಮನೆಯ ಬಾಗಿಲು ತೆಗೆದಾಗ ಸದ್ದಿರಲಿಲ್ಲ. ಮೇಯುವ ಸರಸರ ಸದ್ದಿಲ್ಲದ ಹುಳುಮನೆ ಹೇಗಿರುತ್ತದೆಂದು ಸಿದ್ದಮ್ಮನಿಗೆ ಆವರೆಗೆ ಗೊತ್ತಿರಲಿಲ್ಲ. ಸ್ಟ್ಯಾಂಡಿನ ಉದ್ದಕ್ಕೂ ಹುಳುಗಳು ತಲೆ ಎತ್ತಿ ಅತ್ತಿತ್ತ ಒಲೆದಾಡುತ್ತಿದ್ದವು. ಕೆಲವು ಹಸಿರು ರಸ ಕಕ್ಕಿಕೊಂಡು, ಆ ರಸದಲ್ಲೇ ಹೊರಳಿ, ಮೈ ಕುಗ್ಗಿ ಗಿಡ್ಡವಾಗಿದ್ದವು. ಅಂಚಿನಿಂದ ಉದುರಿದವು ನೆಲದ ಮೇಲೆ ಮೆತ್ತಗೆ ಕಾಲಿಗೆ ಸಿಕ್ಕುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಮನೆಯೆಲ್ಲ ಕೊಳೆತ ಸೊಪ್ಪಿನ, ಸತ್ತ ಹುಳುವಿನ ದುರ್ನಾತ. ಸಿದ್ದಮ್ಮ ಹಿತ್ತಲಿಗೆ ಓಡಿ ವಾಂತಿ ಮಾಡಿದಳು. ಬಾಯಿ ಒರೆಸಿಕೊಂಡು ಬಂದವಳು ಮೊದಲು ಮಾಡಿದ ಕೆಲಸವೆಂದರೆ ಸೊಸೆಯ ಮೇಲೆ ಬಿದ್ದದ್ದು.

"ನೀನೇ! ಪೌಡ್ರು ಬಳ್ಕೊಂಡು ಒಳೀಕ್ ಹೋಗಿದ್ದೀಯ. ನಂಗ್ ಗೊತ್ತಿಲ್ವಾ?"

ಭಾನುಪ್ರಿಯ ಅಟ್ಟ ಹತ್ತಿ ಡಬ್ಬ ತಂದು ಎಲ್ಲರ ಮುಂದೆ ಇಟ್ಟಳು. ಮುಚ್ಚಳದ ಮೇಲೆ ಜೇಡ ಗೂಡು ಕಟ್ಟಿತ್ತು.

ಲೋಕೇಶ್ ಎದ್ದುಹೋಗಿ ಸೊಪ್ಪಿನ ಕೋಣೆಯ ಪೈಪು ಬಿಚ್ಚಿದ. ತಗ್ಗಿನಲ್ಲಿ ನಿಂತಿದ್ದ ನೀರನ್ನು ಅಂಗೈಗೆ ಬಿಟ್ಟುಕೊಂಡು ಮೂಸಿದ. ಫ್ಯಾಕ್ಟರಿಯ ಎಣ್ಣೆ ಹೊಗೆಯಲ್ಲಿ ಮೊಂಡಾದ ಮೂಗು ಅವನದು, ಅದಕ್ಕೂ ತಿಳಿಯಿತು.

"ಮಾವ ಇದ್ರಲ್ಲಿ ನೀರಲ್ಲ ಕಣವ್ವ ಬುಟ್ಟಿರೋದು, ಔಷಧಿ," ಎಂದ. ಅವ್ವನ ಕಡೆ ತಿರುಗಿದ. "ಅಲ್ಲ, ನಿಂಗೆ ಗೊತ್ತಾಗ್ನಿಲ್ವಾ?"

ಗೊತ್ತಾಗಿತ್ತು ಎಂದರೆ ತವರಿನ ಮಾನವನ್ನು ಹುಳುಗಳಿಗಿಂತ ಮೇಲಿಟ್ಟೆ ಎಂದು ಒಪ್ಪಿಕೊಂಡ ಹಾಗೆ. ಗೊತ್ತಾಗಲಿಲ್ಲ ಎಂದರೆ? ಅವಳು ಆ ದಾರಿ ಹಿಡಿದಳು.

"ವಯಸ್ಸಾಯ್ತಲ್ಲಪ್ಪ," ಎಂದಳು. "ಮೂಗು ಮೊದ್ಲಿನಂಗಿಲ್ಲ. ವಾಸ್ನೆನೇ ಸಿಕ್ತಿಲ್ಲ ಈಚೀಚೆಗೆ. ದೇವ್ರಾಜುಗೇನೂ ಹೇಳ್ಬ್ಯಾಡಿ, ಪಾಪ, ಕೊರಗ್ತಾನೆ. ರೋಗ ಬಂತು ಅಂದ್ಬುಡಿ."

ಹಿತ್ತಲಲ್ಲಿ ಗುಂಡಿ ತೆಗೆದು, ಸತ್ತ ಹುಳುಗಳನ್ನು ಮಂಕರಿಯಲ್ಲಿ ತುಂಬಿ ತುಂಬಿ ಸುರಿದು, ಮೇಲೆ ಸುಣ್ಣ ಹಾಕಿ ಮುಚ್ಚಿದರು. ಆ ವಾರ ನಿಯಾಜನ ಪೈಪು ಬಂತು. ಬಂದು ಗೋಡೆಗೆ ಒರಗಿ ನಿಂತಿತು, ಅದನ್ನು ನೋಡಲು ಯಾರಿಗೂ ಮನಸ್ಸಿರಲಿಲ್ಲ.

ಮೂಗು ಹೋಗಿದೆ ಎಂದು ಒಪ್ಪಿಕೊಂಡ ಮೇಲೆ ಬದುಕು ಹೇಗಿರುತ್ತದೆ ಎಂಬುದನ್ನು ಸಿದ್ದಮ್ಮ ಯೋಚಿಸಿರಲಿಲ್ಲ. ಹುಳುಮನೆಯ ಬೀಗದಕೈ ಸದ್ದಿಲ್ಲದೆ ಸೊಸೆಯ ಸೊಂಟಕ್ಕೆ ಹೋಯಿತು. ರಾಮಲಿಂಗಯ್ಯ ಹುಣಸೆಮರದ ತನಕ ನಡೆಯುವುದನ್ನು ಬಿಟ್ಟ. ಬೀದಿ ಬಾಗಿಲ ಜಗಲಿಯಲ್ಲೇ ಬೀಡಿ ಸೇದಿ, ಅದೇ ಅಂಗಿಯಲ್ಲಿ ಅವಳ ಪಕ್ಕ ಕೂತು ಉಂಡ. ಭಾನುಪ್ರಿಯ ಹುಳುಮನೆಗೆ ಹೋಗುವಾಗ ಮೈ ತೊಳೆದು ಹೋಗುತ್ತಿದ್ದಳು, ಅದರಲ್ಲಿ ಅವಳು ಅತ್ತೆಗಿಂತಲೂ ಕಟ್ಟುನಿಟ್ಟು. ಆದರೆ ಸಂಜೆ ಕೆಲಸ ಮುಗಿದ ಮೇಲೆ ಅಟ್ಟದಿಂದಿಳಿದ ಡಬ್ಬ ತೆಗೆದು, ಎಷ್ಟೋ ಕಾಲದ ಮುಗ್ಗುಲು ಪೌಡರನ್ನು ಕೊರಳಿಗೆ ಉದುರಿಸಿಕೊಂಡು, ಅತ್ತೆಯ ಮಗ್ಗುಲಲ್ಲೇ ಕೂತು ಟಿವಿ ನೋಡುತ್ತಿದ್ದಳು. ಸಾರು ಹಳಸಿದ್ದು, ಹಾಲು ಹುಳಿಯಾದದ್ದು, ಬಚ್ಚಲು ಕಟ್ಟಿಕೊಂಡು ನಾರಿದ್ದು ಎಲ್ಲರಿಗಿಂತ ಮೊದಲು ಸಿದ್ದಮ್ಮನಿಗೇ ಗೊತ್ತಾಗುತ್ತಿತ್ತು, ಎಲ್ಲರಿಗಿಂತ ಕೊನೆಗೆ ಅವಳು "ಹೌದಾ?" ಎನ್ನಬೇಕಾಗಿತ್ತು. ಒಂದು ದಿನ ಹಳಸಿದ ಹುರುಳಿಸಾರನ್ನು ತಟ್ಟೆಗೆ ಹಾಕಿದ ಭಾನುಪ್ರಿಯ, "ಸರಿಯಾಗೈತಾ ಅತ್ತೆ?" ಎಂದು ಕೇಳಿದಳು. ಗೊತ್ತಿದ್ದು ಕೇಳಿದಳೋ ಗೊತ್ತಿಲ್ಲದೆಯೋ, ಆ ಹುಡುಗಿಯ ಮುಖದಲ್ಲಿ ತಿಳಿಯುತ್ತಿರಲಿಲ್ಲ. ಸಿದ್ದಮ್ಮ ಉಸಿರು ಬಿಗಿಹಿಡಿದು ಅಷ್ಟನ್ನೂ ಉಂಡಳು. ಮುಗ್ಗುಲು ರಾಗಿಯ ಮುದ್ದೆಯಾದ ಮೇಲೆ ಅವಳ ಅಂಥ ಊಟ ಅದು ಎರಡನೆಯದು.

ಮುಂದಿನ ಬೆಳೆಗೆ ಮೊಟ್ಟೆಯಿಂದ ಎದ್ದ ಮರಿಗಳು ಬಂದವು. ಲೋಕೇಶ್ ನಿಯಾಜನ ಪೈಪನ್ನು ಗೋಡೆಗೆ ಬಿಗಿದ. ಒಂದು ಫಿಲ್ಟರನ್ನು ಈ ಸಲ ಸೊಪ್ಪಿನ ಕೋಣೆಯ ತುದಿಗೂ ಹಾಕಿದ. ಅಷ್ಟು ಹೊತ್ತಿಗೆ ಹುಳುಗಳು ನಾಲ್ಕನೇ ಜ್ವರ ಎದ್ದು ಮೇಯತೊಡಗಿದ್ದವು. ಎಲ್ಲ ಸರಿಯಾಯಿತು, ಸೊಪ್ಪಿನ ಕೋಣೆಯ ಕೊನೆಯ ನಲ್ಲಿ ಮಾತ್ರ ಫಿಲ್ಟರಿನಾಚೆ ಗಾಳಿ ಸೋರುತ್ತಿತ್ತು. ಅದನ್ನು ಬಿಚ್ಚಿ ಕೈಯಲ್ಲಿ ಹಿಡಿದು ನೋಡುತ್ತಿರುವಾಗಲೇ ದೇವರಾಜು ಬಂದ. ಗೌರಿ ಹಬ್ಬ ಹತ್ತಿರವಾಗಿತ್ತು. ಅಕ್ಕನಿಗೆ ಸೀರೆ, ಬಳೆ ತಂದಿದ್ದ.

"ನಲ್ಲಿ ಸೋರ್ತದ? ಇರು, ನನ್ ತಾವ ಐತೆ. ನಿಂಗೇ ಅಂತ ಚೀಲ್ದಾಗೆ ಹಾಕ್ಕಂಡ್ ಬಂದೆ," ಎಂದು ಒಂದು ಹಿತ್ತಾಳೆ ನಲ್ಲಿ ತೆಗೆದ. ಥಳಥಳ ಹೊಳೆಯುತ್ತಿತ್ತು. "ಅಂಗಡಿದೂ ಒಂದೆ, ಇದೂ ಒಂದೆ."

ಲೋಕೇಶ್ ಅದನ್ನು ಕೈಯಲ್ಲಿ ತಿರುಗಿಸಿ ನೋಡಿದ. ಒಮ್ಮೆ ಸುಟ್ಟುಕೊಂಡವನು, ಮೂಸಿಯೂ ನೋಡಿದ. ಹಿತ್ತಾಳೆಯ ವಾಸನೆ ಬಿಟ್ಟರೆ ಏನಿಲ್ಲ. ಹೆಂಡತಿಗೆ ಕೊಟ್ಟ. ಭಾನುಪ್ರಿಯಳಿಗೂ ಏನೂ ಸಿಗಲಿಲ್ಲ. ಅತ್ತೆಯ ಕಡೆ ಯಾರೂ ತಿರುಗಲಿಲ್ಲ, ತಿರುಗಿ ಪ್ರಯೋಜನವೇನು? ಲೋಕೇಶ್ ಸ್ಪ್ಯಾನರ್ ತೆಗೆದುಕೊಂಡ.

ಬಾಗಿಲ ಬಳಿ ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಸಿದ್ದಮ್ಮನ ಮೂಗಿಗೆ ಅದು ಬಂದು ತಾಗಿತು. ಮೊದಲು ಹುಣಸೆಹಣ್ಣು. ಅಕ್ಕನ ಮನೆಗೆಂದು ತಮ್ಮ ಕೂತು ಉಜ್ಜಿದ್ದಾನೆ. ಹುಣಸೆಹಣ್ಣಿನ ಹಿಂದೆ, ನಲ್ಲಿಯ ಒಳಗಿನ ತಿರುವಿನಿಂದ, ಆ ಗಂಟಲಿಗಂಟುವ ಸಿಹಿ ನಾತ. ಕರಿ ಪೈಪಿನ ಬಾಯಲ್ಲಿದ್ದದ್ದೇ. ಅದೇ ಪೈಪಿನ ತುದಿಗಿದ್ದ ನಲ್ಲಿ ಇದು. ಅವಳಿಗೆ ಸೀರೆ ಕಾಣಿಸಿತು, ತಮ್ಮ ಕಾಣಿಸಿದ, ಸೊಸೆ ಕಾಣಿಸಿದಳು. ಗೋಡೆಯ ಆ ಕಡೆಯಿಂದ ಹುಳುಗಳು ಸರಸರ ಮೇಯುವ ಸದ್ದು ಕೇಳಿಸುತ್ತಿತ್ತು.

ಸುಮ್ಮನಿರಬಹುದಾಗಿತ್ತು. ಇನ್ನೊಮ್ಮೆ ಕದ್ದು ಸೀಗೆಪುಡಿಯಲ್ಲಿ ತೊಳೆಯಬಹುದಾಗಿತ್ತು. ಲೋಕೇಶ್ ನಲ್ಲಿಯನ್ನು ಪೈಪಿಗಿಟ್ಟು ಒಂದು ಸುತ್ತು ತಿರುಗಿಸಿದ.

"ತೆಗೀಲಾ ಅದ್ನ!"

ಸ್ಪ್ಯಾನರ್ ನಿಂತಿತು.

"ತೆಗೀ ಅಂದೆ! ಔಷಧಿ ಐತೆ ಅದ್ರಾಗೆ. ನಾತ ಬತ್ತಾ ಐತೆ, ಇಲ್ಲಿಗೇ ಬತ್ತಾ ಐತೆ."

ಲೋಕೇಶ್ ನಲ್ಲಿಯನ್ನು ಬಿಚ್ಚಿ ಕೈಗೆ ತೆಗೆದುಕೊಂಡ. ರಾಮಲಿಂಗಯ್ಯ ಬೆರಳ ಸಂದಿಯ ಬೀಡಿಯನ್ನು ಹಿಂದಕ್ಕೆ ಮರೆ ಮಾಡಿದ. ಮೊದಲು ಬಾಯಿ ಬಿಟ್ಟವಳು 'ಅತ್ತೆ' ಎನ್ನುವುದರಾಚೆಗೆ ಹೆಚ್ಚು ಮಾತಾಡದ ಭಾನುಪ್ರಿಯ.

"ಅತ್ತೆ, ನಿಮ್ಗೆ ಮೂಗು ಹೋಗಿತ್ತಲ್ವಾ?"

ಸಿದ್ದಮ್ಮ ಮಡಿಲ ಸೀರೆಯ ಅಂಚನ್ನು ಮಡಿಚಿದಳು, ಬಿಡಿಸಿದಳು.

"ಹೋಗಿರ್ನಿಲ್ಲ ಕಣವ್ವ," ಎಂದಳು. "ಆವತ್ತೂ ಗೊತ್ತಾಗಿತ್ತು."

"ಯಾವತ್ತಕ್ಕ? ಏನು ಗೊತ್ತಾಗಿತ್ತು?" ದೇವರಾಜು ಒಬ್ಬೊಬ್ಬರ ಮುಖವನ್ನೂ ನೋಡಿದ.

"ನೀನು ತಂದ ಪೈಪಲ್ಲಿ ಔಷಧಿ ಇತ್ತು ಕಣಪ್ಪ. ನನ್ ಹುಳ ರೋಗ ಬಂದ್ ಸಾಯ್ನಿಲ್ಲ. ಗೊತ್ತಿದ್ದೂ ನಾನೇ ಕಟ್ಸಿದ್ದು."

ಭಾನುಪ್ರಿಯ ಗಂಡನ ಕೈಯಿಂದ ನಲ್ಲಿಯನ್ನು ಎರಡು ಬೆರಳಲ್ಲಿ ಎತ್ತಿಕೊಂಡು ಬಂದು ಅತ್ತೆಯ ಮುಂದೆ ಹಿಡಿದಳು. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಮರ್ಯಾದೆಯೂ ಇರಲಿಲ್ಲ, ಹುಳುಮನೆಯ ಬೀಗದಕೈ ಮಾತ್ರ ಇತ್ತು.

"ಸರಿಯಾಗಿ ನೋಡಿ ಹೇಳಿ. ಹುಳ ಮೇಯ್ತಾವೆ."

ತಮ್ಮನ ಎದುರಿಗೇ ಸಿದ್ದಮ್ಮ ನಲ್ಲಿಯ ಬಾಯಿಗೆ ಮೂಗು ಹಿಡಿದು, ಉಸಿರೆಳೆದುಕೊಂಡಳು. ಅವಳ ಮುಖವೆಲ್ಲ ಕಿವುಚಿತು, ಕಣ್ಣಲ್ಲಿ ನೀರು ಬಂತು.

"ಥೂ," ಎಂದಳು.

ತವರಿನ ವಸ್ತುವಿಗೆ ಅವಳು ಹಾಗೆಂದದ್ದು ಅದೇ ಮೊದಲು. ಭಾನುಪ್ರಿಯ ನಲ್ಲಿಯನ್ನು ತೆಗೆದುಕೊಂಡು ಹೋಗಿ ಬೇಲಿಯಾಚೆ ಎಸೆದು, ಕೈಗೆ ಸೋಪು ಹಾಕಿ ಎರಡೆರಡು ಸಲ ತೊಳೆದು, ಸೊಪ್ಪು ಹಾಕಲು ಹುಳುಮನೆಗೆ ಹೋದಳು.